ಕಾಲಿಗೆ ಹೇಳುವ ಬುದ್ಧಿ

ಕೋಚ್ ಗಸ್ಸಾನ್, ನಾನು ಆಟ ಬಲ್ಲವನಲ್ಲ.
ಮನಾಮಾದ ಆಸ್ಪತ್ರೆಯಲ್ಲಿ ಮಂಡಿ ತಿಕ್ಕುವವ,
ಶುಕ್ರವಾರ ಸಂಜೆ ರಿಫ್ಫಾದ ಈ ಮೈದಾನಕ್ಕೆ ಬಂದು
ನಿಮ್ಮ ಹೆಲ್ಮೆಟ್ಟಿನ ಹುಡುಗರ ಕಣಕಾಲಿಗೆ ಟೇಪು ಸುತ್ತುವವ.
ಸಂಬಳ ಒಂದು ಶವರ್ಮಾ, ಎರಡು ಲಬಾನ್.
ಆದರೂ ಮನಸ್ಸಲ್ಲೇ ಹೇಳುತ್ತೇನೆ,
ಹೇಳದಿದ್ದರೆ ನಿದ್ದೆ ಬಾರದು.

ನಮ್ಮ ಕ್ವಾರ್ಟರ್‌ಬ್ಯಾಕ್ ತಫ್ಸೀರ್, ಉಳ್ಳಾಲದವ,
ಓಡುತ್ತಾನೆ, ನಿಜ.
ಅಲೆ ಸರಿದ ಹಸಿಮರಳಲ್ಲಿ ಕಲಿತ ಓಟ,
ಹಿಮ್ಮಡಿ ಊರುವುದೇ ಇಲ್ಲ.
ಮೂರನೇ ಡೌನ್, ಏಳು ಗಜ ಬೇಕು ಅಂದರೆ ಸಾಕು,
ನಿಮ್ಮ ಕೈ ತಿರುಗುತ್ತದೆ: ಓಡು.
ಎರಡನೇ ಡೌನಿಗೂ ಓಡು. ಏನೂ ತೋಚದಿದ್ದರೆ ಓಡು.
ಕಳೆದ ವಾರ ಹದಿನಾಲ್ಕು ಸಲ. ನಾನು ಎಣಿಸಿದೆ,
ಐಸ್ ಬಕೆಟ್ಟಿನ ಮುಚ್ಚಳದ ಮೇಲೆ ಗೀಟು ಹಾಕಿ.

ನಮ್ಮ ಭಾಷೆಯಲ್ಲಿ ಒಂದು ಮಾತಿದೆ:
ಕಾಲಿಗೆ ಬುದ್ಧಿ ಹೇಳುವುದು.
ಓಟ ಕಿತ್ತವನ ಬಗ್ಗೆ ಹಾಗೆ ಅನ್ನುತ್ತೇವೆ, ನಗುತ್ತ.
ಮಾತನ್ನು ಸ್ವಲ್ಪ ತಿರುವಿ ಹಾಕಿ ನೋಡಿ.
ಬುದ್ಧಿ ಹೇಳಬೇಕಾದ್ದೇ ಕಾಲಿಗೆ,
ಈಗ ಬೇಡ, ಇನ್ನೂ ಬೇಡ, ಇರು ಅಂತ.

ಚೆಂಡನ್ನು ಸಿರಿಲನ ಹೊಟ್ಟೆಗೆ ಒತ್ತಿ
ಅರೆಕ್ಷಣ ಬಿಡದೆ ಹಿಡಿದಿರಲಿ.
ಅಂಚಿನ ಆ ದಾಂಡಿಗ ಸಿರಿಲನ ಮೇಲೆ ಬಿದ್ದನೋ,
ಚೆಂಡು ಹಿಂದಕ್ಕೆಳೆದು
ಅವನು ತೆರೆದಿಟ್ಟು ಹೋದ ಬಾಗಿಲಿಂದ ಹೊರಡಲಿ.
ಬೀಳದೆ ಕಾದನೋ, ಸಿರಿಲನೇ ಹೋಗಲಿ.
ತೀರ್ಮಾನ ನಿಮ್ಮದಲ್ಲ, ತಫ್ಸೀರನದೂ ಅಲ್ಲ,
ಎದುರಾಳಿಯ ಭುಜದ್ದು.

ಪಂದ್ಯಕ್ಕೆ ನಾಲ್ಕು ಓಟ ಸಾಕು.
ಉಳಿದದ್ದು ಅವರು ಹೆದರಲಿಕ್ಕೆ.
ಓಡಿಯಾನು ಎಂದು ಒಬ್ಬ ಆಳು
ಸಂಜೆಯಿಡೀ ಇವನ ಸೊಂಟ ಕಾಯುತ್ತ ನಿಂತರೆ
ಓಡದೆಯೇ ಒಬ್ಬನನ್ನು ಕಟ್ಟಿಹಾಕಿದ ಹಾಗಾಯಿತಲ್ಲ?
ನಮ್ಮ ಕಬಡ್ಡಿಯ ವಾಮನಣ್ಣ ಮುಟ್ಟುತ್ತಿದ್ದುದೇ ಕಡಿಮೆ.
ಗೆರೆ ದಾಟಿ ಒಂದು ಭುಜ ಕುಣಿಸಿದರೆ
ಏಳೂ ಜನ ಹಿಂದಿನ ಗೆರೆಗೆ ಅಂಟುತ್ತಿದ್ದರು.

ಮತ್ತೆ, ಬೀಳುವುದನ್ನು ಕಲಿಸಿ.
ಕುಂಡೆ ಊರಿ, ಕಾಲು ಮುಂದೆ ಚಾಚಿ, ಜಾರುವುದನ್ನು.
ನಾಚಿಕೆಯಲ್ಲ ಅದು. ಮೂರು ಗಜದ ಆಸೆಗೆ
ತಲೆ ತಗ್ಗಿಸಿ ನುಗ್ಗಿದವನ ಮಂಡಿ
ಆಮೇಲೆ ನನ್ನ ಕೈಗೆ ಬರುತ್ತದೆ.
ಎಡಮಂಡಿಯಲ್ಲಿ ಈಗಲೇ ನೀರು ತುಂಬಿದೆ,
ಒತ್ತಿದರೆ ನಾದಿದ ಹಿಟ್ಟಿನ ಹಾಗೆ ಗುಳಿ.
ಅವನು ನಿಮಗೆ ಹೇಳಲಿಕ್ಕಿಲ್ಲ.

ಆ ಕಾಲು ನಿಮ್ಮದೊಂದೇ ಅಲ್ಲ, ಕೋಚ್.
ವಾರಕ್ಕೆ ಆರು ದಿನ ಅದು ಬೈಕಿನ ಗೇರಿನದು,
ಜುಫೇರಿನಿಂದ ಹಿದ್ದ್‌ವರೆಗೆ ಆರದ ಬಿರಿಯಾನಿಯದು,
ಆಮೇಲೆ ಮೆಟ್ಟಿಲುಗಳದು.
ವೀಸಾದ ಸೀಲು ಪಾಸ್‌ಪೋರ್ಟಿನಲ್ಲಿರಬಹುದು,
ಒತ್ತಿರುವುದು ಮಂಡಿಚಿಪ್ಪಿನ ಮೇಲೆ.

ಇಷ್ಟಕ್ಕೆ ನನ್ನ ಅರಬಿ ಸಾಲಲಿಲ್ಲ.
"ಶ್ವಯ್ಯ ಶ್ವಯ್ಯ, ಕೋಚ್" ಅಂದೆ.
ನೀವು ನಕ್ಕು ಬೆನ್ನು ತಟ್ಟಿದಿರಿ.
ತಫ್ಸೀರನಿಗೆ ಮಾತ್ರ, ಟೇಪು ಸುತ್ತುತ್ತ,
ಬ್ಯಾರಿ, ತುಳು, ಕನ್ನಡ ಬೆರೆಸಿ ಪೂರ್ತಿ ಹೇಳಿದೆ.

ಕೊನೆಯ ನಿಮಿಷ. ನಾಲ್ಕನೇ ಡೌನ್.
ನಿಮ್ಮ ಕೈ ತಿರುಗಿತು.
ಅವನು ಬಲಕ್ಕೆ ಹೊರಟ. ಎದುರು ತಂಡ ಇಡೀ
ಓರೆ ತಟ್ಟೆಯ ಸಾರಿನ ಹಾಗೆ ಬಲಕ್ಕೆ.
ಗೆರೆಗೆ ಎರಡು ಹೆಜ್ಜೆ ಇರುವಾಗ ನಿಂತ,
ನಿಂತೇ ಬಿಟ್ಟ ಮಾರಾಯ್ರೆ,
ಎಡಕ್ಕೆ ಎಸೆದ, ಯಾರೂ ಲೆಕ್ಕಕ್ಕಿಡದ
ಫ್ರಿಜ್ ರಿಪೇರಿಯ ಪ್ಲಾಸಿಡನಿಗೆ.
ಸುತ್ತ ಹತ್ತು ಗಜ ಒಂದು ನರಪಿಳ್ಳೆ ಇಲ್ಲ.
ಚೆಂಡು ಕೈಗೆ ಬಂತು,
ಎದೆಗೆ ಬಂತು,
ನೆಲಕ್ಕೆ ಬಂತು.

ಸೋತೆವು. ನೀವು ಮೂರು ಭಾಷೆಯಲ್ಲಿ ಬೈದಿರಿ,
ಪ್ಲಾಸಿಡ್ ಮೂರಕ್ಕೂ ತಲೆಯಾಡಿಸಿದ.
ನಾನು ಮುಚ್ಚಳ ನೋಡಿದೆ. ಐದು ಗೀಟು.

ಬೆಳಿಗ್ಗೆ ತಫ್ಸೀರನ ಮೆಸೇಜು:
ಸಲ್ಮಾನಿಯಾದಲ್ಲಿ ಲಿಫ್ಟ್ ಕೆಟ್ಟಿತ್ತು ಶೀನಣ್ಣ,
ಆರ್ಡರು ಆರನೇ ಮಹಡಿ.
ಟೇಪು ನಾಲ್ಕರವರೆಗೆ ತಡೆಯಿತು.